ಮಣ್ಣಿನ ಉಬ್ಬುಪಟ್ಟಿ ಬಿರಿಯದಂತೆ ಎಳೆಯುವುದು ಹೇಗೆ?

ಪ್ರಶ್ನೆ: ಸಾಗರದ ಬಳಿಯ ನಮ್ಮ ಮನೆಯ ಮಣ್ಣಿನ ಗೋಡೆಯಲ್ಲಿ, ಹಸೆ ಚಿತ್ತಾರದ ಸುತ್ತ ಚೌಕಟ್ಟಿನಂತೆ ಉಬ್ಬುಪಟ್ಟಿ ಮಾಡುತ್ತಿದ್ದೇನೆ. ಆಕಾರಕ್ಕೆ ಕತ್ತರಿಸಿದ ತಗಡನ್ನು ಹಸಿಮಣ್ಣಿನ ಮೇಲೆ ಎಳೆದರೆ ಮಣ್ಣು ಕಿತ್ತು ಬರುತ್ತದೆ. ಉಳಿದದ್ದು ಒಣಗಿದಾಗ ಬಿರಿಯುತ್ತದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಜಿಗುಟು ಹೆಚ್ಚಿರುವ ಮಣ್ಣು ನೀರಾರಿದಂತೆ ಕುಗ್ಗಿ ಬಿರಿಯುತ್ತದೆ. ಜರಡಿ ಹಿಡಿದ ಮರಳನ್ನೂ ಸಣ್ಣಗೆ ಕತ್ತರಿಸಿದ ಹುಲ್ಲನ್ನೂ ಸೇರಿಸಿ ಚೆನ್ನಾಗಿ ತುಳಿಯಿರಿ. ಗೋಡೆಯನ್ನು ಗೀರಿ, ನೀರು ಚಿಮುಕಿಸಿದ ಮೇಲೆಯೇ ಮಣ್ಣು ಮೆತ್ತಿರಿ.

ಉತ್ತರ 2: ಮಣ್ಣಿನಷ್ಟೇ ಉಪಕರಣವೂ ಮುಖ್ಯ. ತಗಡಿನ ಅಂಚನ್ನು ಅರದಿಂದ ಉಜ್ಜಿ, ಹಲಗೆಯ ತುಂಡಿಗೆ ಮೊಳೆ ಹೊಡೆದು ಭದ್ರಪಡಿಸಿ, ಗೋಡೆಗೆ ಬಡಿದ ನೇರವಾದ ರೀಪಿಗೆ ಒತ್ತಿಕೊಂಡು ಒಂದೇ ದಿಕ್ಕಿನಲ್ಲಿ ಎಳೆಯಿರಿ. ಪ್ರತಿ ಸಲವೂ ತಗಡನ್ನು ತೊಳೆದು ಒದ್ದೆ ಮಾಡಿ, ತೆಳುವಾಗಿ ಮಣ್ಣು ತುಂಬುತ್ತಾ ಹೋದರೆ ಆಕಾರ ತಾನಾಗಿ ಮೂಡುತ್ತದೆ. ಮೂಲೆಗೆ ತಗಡು ತಲುಪುವುದಿಲ್ಲ, ಅಲ್ಲಿ ಕೈಯಿಂದಲೇ ತಿದ್ದಬೇಕು.

ಉತ್ತರ 3: ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಕೈಹಾಕಬೇಡಿ, ದೀಪಾವಳಿ ಕಳೆಯಲಿ. ಆಗಲೂ ನೆರಳಿನಲ್ಲಿಯೇ ಒಣಗಬೇಕು.