ಪ್ರಾಚೀನ ಏಥೆನ್ಸಿನ ಕುಂಬಾರ ಮನೆತನಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ರಿ.ಪೂ. 6ನೆಯ ಶತಮಾನದಿಂದ 4ನೆಯ ಶತಮಾನದವರೆಗೆ ಏಥೆನ್ಸಿನಲ್ಲಿ ಬದುಕಿದ ಕುಂಬಾರರ ಮನೆತನಗಳನ್ನು ಒಂದು ವಂಶಾವಳಿಯಾಗಿ ಬರೆದುಕೊಳ್ಳಬೇಕೆಂಬ ಆಸೆಯಿಂದ ಕೆಲವು ತಿಂಗಳುಗಳಿಂದ ಟಿಪ್ಪಣಿ ಮಾಡುತ್ತಿದ್ದೇನೆ. ನಗರದ ವಾಯವ್ಯಕ್ಕೆ, ಎರಿಡಾನೋಸ್ ತೊರೆಯ ಬದಿಯಲ್ಲಿದ್ದ ಅವರ ಕೇರಿಗೆ ಕೆರಮೈಕೋಸ್ ಎಂದು ಹೆಸರು. ಒಂದು ಕೇರಿಗೇ ತಮ್ಮ ಕಸುಬಿನ ಹೆಸರನ್ನು ಕೊಟ್ಟ ಈ ಜನರ ಪಾತ್ರೆಗಳ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ; ಅವರು ಯಾರ ಮಕ್ಕಳು, ಯಾರ ಬಳಿ ಕಲಿತರು, ಅವರ ಅನಂತರ ತಿಗರಿಯ ಮುಂದೆ ಯಾರು ಕುಳಿತರು ಎಂಬುದನ್ನು ಮಾತ್ರ ಅಲ್ಲಲ್ಲಿ ಒಂದೊಂದು ಸಾಲಿನಲ್ಲಿ ಹೆಕ್ಕಿಕೊಳ್ಳಬೇಕಾಗಿದೆ.

ನನ್ನ ಪಟ್ಟಿಯಲ್ಲಿ ಎರ್ಗೋಟಿಮೋಸ್, ನೇಆರ್ಖೋಸ್, ಅಮಾಸಿಸ್, ಎಕ್ಸೆಕಿಯಾಸ್, ಯೂಫ್ರೋನಿಯೋಸ್ ಇದ್ದಾರೆ. ಅವರ ಜೊತೆಗೆ ಬರ್ಲಿನ್ ಚಿತ್ರಕಾರ, ಅಕಿಲೀಸ್ ಚಿತ್ರಕಾರ, ಕ್ಲಿಯೋಫ್ರಾಡಿಸ್ ಚಿತ್ರಕಾರ ಎಂಬ ಹೆಸರುಗಳೂ ಸೇರಿಕೊಂಡಿವೆ. ಅಕಿಲೀಸ್ ಚಿತ್ರಕಾರನು ಬರ್ಲಿನ್ ಚಿತ್ರಕಾರನ ಶಿಷ್ಯನೆಂದು ಓದಿದ್ದರಿಂದ ಅವರಿಬ್ಬರನ್ನು ಒಂದೇ ಕವಲಿನಲ್ಲಿ ಇರಿಸಿದ್ದೇನೆ. ಹೀಗೆ ಮಾಡುವುದು ಸರಿಯೇ? ಪಾತ್ರೆಗಳ ಮೇಲಿನ ಸಹಿಯನ್ನು ಬಿಟ್ಟರೆ ಇವರ ಕುಟುಂಬಗಳ ಬಗ್ಗೆ ಬೇರೆ ಆಧಾರಗಳಿವೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ತಮ್ಮ ಪಟ್ಟಿಯನ್ನು ಮೊದಲು ಎರಡಾಗಿ ಒಡೆಯಿರಿ, ಏಕೆಂದರೆ ಅದರಲ್ಲಿ ಎರಡು ಬೇರೆ ಜಾತಿಯ ಹೆಸರುಗಳು ಬೆರೆತಿವೆ. ಎರ್ಗೋಟಿಮೋಸ್ ಎಂಬುದು ತಂದೆತಾಯಿ ಇಟ್ಟ ಹೆಸರು. ಬರ್ಲಿನ್ ಚಿತ್ರಕಾರ ಎಂಬುದು 20ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸ ಜಾನ್ ಬೀಜ್ಲಿ ಅವರು, ಬರ್ಲಿನ್ ವಸ್ತುಸಂಗ್ರಹಾಲಯದಲ್ಲಿರುವ ಒಂದು ದೊಡ್ಡ ಪಾತ್ರೆಯನ್ನು ಆಧಾರವಾಗಿಟ್ಟುಕೊಂಡು, ಒಂದು ಕೈಗೆ ಕೊಟ್ಟ ಗುರುತಿನ ಹೆಸರು. ಕಿವಿ, ಕಣಕಾಲು, ಬಟ್ಟೆಯ ನೆರಿಗೆ ಮೊದಲಾದವನ್ನು ಬರೆಯುವಾಗ ಕೈ ತನಗರಿವಿಲ್ಲದೆ ಮಾಡುವ ಅಭ್ಯಾಸಗಳನ್ನು ಹೋಲಿಸಿ, ಸಹಿಯಿಲ್ಲದ ಸಾವಿರಾರು ಪಾತ್ರೆಗಳನ್ನು ಅವರು ಕೈಗಳ ಪ್ರಕಾರ ವಿಂಗಡಿಸಿದರು. ಅದು ಬಹಳ ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದರಿಂದ ದೊರೆಯುವುದು ಕೈಯ ಚರಿತ್ರೆಯೇ ಹೊರತು ಮನೆಯ ಚರಿತ್ರೆಯಲ್ಲ. ಒಂದು ಕೈ ಇನ್ನೊಂದರಿಂದ ಕಲಿತಿತ್ತೆಂದು ರೇಖೆಗಳಿಂದ ಊಹಿಸಬಹುದು. ಆ ಇಬ್ಬರೂ ಒಂದೇ ಮನೆಯಲ್ಲಿ ಉಂಡವರೆಂದು ಊಹಿಸಲಾಗದು. ಆದ್ದರಿಂದ ಬರ್ಲಿನ್ ಮತ್ತು ಅಕಿಲೀಸ್ ಚಿತ್ರಕಾರರನ್ನು ವಂಶಾವಳಿಯಿಂದ ತೆಗೆದು, ಗುರುಶಿಷ್ಯರಿಗೆ ಬೇರೆಯೇ ಒಂದು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಇಲ್ಲಿ ಇನ್ನೊಂದು ತೊಡಕಿದೆ. ಕ್ಲಿಯೋಫ್ರಾಡಿಸ್ ಎಂಬ ಕುಂಬಾರ ನಿಜವಾಗಿ ಇದ್ದವನು. ಕ್ಲಿಯೋಫ್ರಾಡಿಸ್ ಚಿತ್ರಕಾರ ಎಂದು ನಾವು ಕರೆಯುವವನು ಅವನಲ್ಲ. ಅವನು ಮಾಡಿದ ಪಾತ್ರೆಯ ಮೇಲೆ ಚಿತ್ರ ಬರೆದ, ಹೆಸರು ಉಳಿಯದ ಬೇರೊಬ್ಬ. ಅಮಾಸಿಸ್ ಮತ್ತು ಅಮಾಸಿಸ್ ಚಿತ್ರಕಾರ, ಬ್ರಿಗೋಸ್ ಮತ್ತು ಬ್ರಿಗೋಸ್ ಚಿತ್ರಕಾರ ಎಂಬ ಜೋಡಿಗಳ ವಿಷಯದಲ್ಲಿಯೂ ಕುಂಬಾರನ ಹೆಸರನ್ನು ಹೀಗೆಯೇ ಎರವಲು ಪಡೆಯಲಾಗಿದೆ. ಅಲ್ಲಿ ಇಬ್ಬರೂ ಒಬ್ಬರೇ ಆಗಿರಬಹುದೆಂಬ ವಾದಗಳಿದ್ದರೂ, ವಂಶಾವಳಿ ಬರೆಯುವವರು ಅವರನ್ನು ಬೇರೆಯಾಗಿಯೇ ಇಡಬೇಕೆಂಬುದು ನನ್ನ ಅಭಿಪ್ರಾಯ.

ಸಹಿಗಳಲ್ಲಿ ಎರಡು ಕ್ರಿಯಾಪದಗಳು ಬರುತ್ತವೆ. ಎಪೋಯಿಯೆಸೆನ್ ಎಂದರೆ ಮಾಡಿದನು, ಎಗ್ರಾಪ್ಸೆನ್ ಎಂದರೆ ಬರೆದನು ಅಥವಾ ಚಿತ್ರಿಸಿದನು. ಎಕ್ಸೆಕಿಯಾಸ್ ಎರಡನ್ನೂ ತಾನೇ ಮಾಡಿದೆನೆಂದು ಹೇಳಿಕೊಂಡಿದ್ದಾನೆ. ಮಾಡಿದವನೆಂದರೆ ತಿಗರಿ ತಿರುಗಿಸಿದವನೋ ಕಾರ್ಯಾಗಾರದ ಒಡೆಯನೋ ಎಂಬ ಚರ್ಚೆ ಇನ್ನೂ ನಡೆದಿದೆ. ತಮ್ಮ ಉದ್ದೇಶಕ್ಕೆ ಮುಖ್ಯವಾದುದು ಸಹಿಯ ಜೊತೆಗೆ ತಂದೆಯ ಹೆಸರು ಬರುವ ಕೆಲವೇ ಪಾತ್ರೆಗಳು. ಎರ್ಗೋಟಿಮೋಸ್‌ನು ಕ್ರಿ.ಪೂ. 570ರ ಸುಮಾರಿಗೆ, ಕ್ಲೈಟಿಯಾಸ್ ಎಂಬವನು ಚಿತ್ರಿಸಿದ ಒಂದು ದೊಡ್ಡ ಪಾತ್ರೆಗೆ ಸಹಿ ಹಾಕಿದ್ದಾನೆ. ಅದು ಈಗ ಫ್ಲಾರೆನ್ಸ್ ನಗರದಲ್ಲಿದೆ. ಮುಂದೆ ಯೂಖೈರೋಸ್ ಎಂಬವನು ಬಟ್ಟಲುಗಳ ಮೇಲೆ ತನ್ನನ್ನು ಎರ್ಗೋಟಿಮೋಸನ ಮಗನೆಂದು ಬರೆದುಕೊಂಡನು. ನೇಆರ್ಖೋಸನ ಮಕ್ಕಳು ಟ್ಲೆಸೋನ್ ಮತ್ತು ಎರ್ಗೋಟೆಲಿಸ್ ಇಬ್ಬರೂ ತಂದೆಯ ಹೆಸರಿನೊಡನೆ ಸಹಿ ಮಾಡಿದ್ದಾರೆ. ಅಮಾಸಿಸನ ಹೆಸರನ್ನು ಕ್ಲಿಯೋಫ್ರಾಡಿಸ್ ತನ್ನ ತಂದೆಯ ಹೆಸರಾಗಿ ಹೇಳಿಕೊಂಡಿದ್ದಾನೆ. ತಂದೆಯ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದ್ದುದರಿಂದಲೇ ಮಕ್ಕಳು ಅದನ್ನು ಬರೆದರೆಂದು ನನಗೆ ತೋರುತ್ತದೆ. ಹಾಗಿದ್ದರೆ ಹೆಸರುವಾಸಿಯಲ್ಲದ ತಂದೆಯ ಮಕ್ಕಳು ನಮಗೆ ಕಾಣದೆ ಹೋಗಿರುವುದು ಸಹಜ.

ತಂದೆಯ ಹೆಸರು ಇದ್ದ ಮಾತ್ರಕ್ಕೆ ತಂದೆಯೂ ಕುಂಬಾರನೆಂದು ತಿಳಿಯಬಾರದು. ಚಿತ್ರಕಾರ ಯೂಥಿಮಿಡಿಸ್ ತಾನು ಪೋಲಿಯಾಸನ ಮಗನೆಂದು ಬರೆಯುತ್ತಾನೆ. ಅದೇ ಕಾಲದ ಪೋಲಿಯಾಸ್ ಎಂಬ ಶಿಲ್ಪಿಯ ಹೆಸರು ಏಥೆನ್ಸಿನ ಕೋಟೆಗುಡ್ಡವಾದ ಅಕ್ರೊಪೊಲಿಸ್‌ನ ಪೀಠಗಳ ಮೇಲೆ ದೊರೆತಿದ್ದು, ಅವನೇ ಈ ತಂದೆಯೆಂದು ಹಲವರು ಒಪ್ಪುತ್ತಾರೆ.

ಎರಡನೆಯ ಉತ್ತರ

ಮೇಲಿನ ಉತ್ತರ ಮಣ್ಣಿನ ಮೇಲಿನ ಬರಹಗಳ ಬಗ್ಗೆ ಚೆನ್ನಾಗಿ ತಿಳಿಸಿದೆ. ನಾನು ಕಲ್ಲಿನ ಮೇಲಿನ ಬರಹಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಕುಂಬಾರರು ಕೆರಮೈಕೋಸ್‌ನ ಹೊರಗೆ ನಗರದ ಜನರಾಗಿ ಕಾಣಿಸಿಕೊಳ್ಳುವುದು ಅಲ್ಲಿಯೇ.

ಅಕ್ರೊಪೊಲಿಸ್‌ನಲ್ಲಿ ದೇವರಿಗೆ ಹರಕೆ ಒಪ್ಪಿಸಿದವರಲ್ಲಿ ಕುಂಬಾರರೂ ಇದ್ದಾರೆ. ಒಂದು ಪೀಠದ ಮೇಲೆ ಮ್ನೆಸಿಯಾಡಿಸ್ ಮತ್ತು ಆಂಡೋಕಿಡಿಸ್ ಎಂಬ ಎರಡು ಹೆಸರುಗಳಿವೆ. ಅವರಲ್ಲಿ ಕೆರಮೆಯುಸ್, ಅಂದರೆ ಕುಂಬಾರ, ಎಂಬ ಮಾತು ಮ್ನೆಸಿಯಾಡಿಸನ ಹೆಸರಿಗೆ ಸೇರಿದೆ. ಆದರೆ ಪಾತ್ರೆಗಳ ಮೇಲಿನ ಸಹಿಯಿಂದ ನಮಗೆ ಹೆಚ್ಚು ಪರಿಚಿತನಾದವನು ಆಂಡೋಕಿಡಿಸ್. ಇವರಿಬ್ಬರೂ ತಂದೆ ಮಗನೋ ಪಾಲುದಾರರೋ ಎಂಬುದನ್ನು ಪೀಠ ಹೇಳುವುದಿಲ್ಲ, ಆದ್ದರಿಂದ ತಮ್ಮ ಪಟ್ಟಿಯಲ್ಲಿ ಇವರ ನಡುವೆ ಗೆರೆ ಎಳೆದರೂ ಅದು ಚುಕ್ಕಿಗೆರೆಯಾಗಿರಲಿ. ಯೂಫ್ರೋನಿಯೋಸನ ಹರಕೆಯ ಬರಹ ಮುರಿದುಹೋಗಿದ್ದರೂ ಅದರಲ್ಲಿ ಕುಂಬಾರ ಎಂಬ ಮಾತೂ ಆರೋಗ್ಯದೇವತೆ ಹಿಗಿಯೆಯಾಳ ಹೆಸರೂ ಓದಲು ಬರುತ್ತವೆ. ತಾರುಣ್ಯದಲ್ಲಿ ಚಿತ್ರಕಾರನಾಗಿ ಸಹಿ ಹಾಕಿದವನು ಮುಂದೆ ಕುಂಬಾರನಾಗಿ ಮಾತ್ರ ಸಹಿ ಹಾಕಿದ್ದರಿಂದ, ಕಣ್ಣು ಮಂಜಾದುದೇ ಅದಕ್ಕೆ ಕಾರಣವೆಂದು ಕೆಲವರು ಊಹಿಸಿದ್ದಾರೆ. ಮನಸ್ಸನ್ನು ತಟ್ಟುವ ಊಹೆ ಅದು, ಆದರೆ ಊಹೆಯೆಂದೇ ಬರೆದುಕೊಳ್ಳಿ.

ಕ್ರಿ.ಪೂ. 508ರ ಸುಮಾರಿನಲ್ಲಿ ಏಥೆನ್ಸಿನ ರಾಜಕಾರಣಿ ಕ್ಲೈಸ್ಥೆನಿಸನು ತಂದ ವ್ಯವಸ್ಥೆಯಿಂದಾಗಿ ಪ್ರತಿಯೊಬ್ಬ ಪೌರನಿಗೂ ತನ್ನ ಹೆಸರು, ತಂದೆಯ ಹೆಸರು, ತನ್ನ ಡೀಮ್ ಎಂಬ ಊರಿನ ಹೆಸರು ಸೇರಿ ಮೂರು ಗುರುತುಗಳಾದವು. ಕುಂಬಾರರ ಸಹಿಗಳಲ್ಲಿ ಮೂರೂ ಒಟ್ಟಿಗೆ ಬರುವುದು ಅಪರೂಪ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, 5ನೆಯ ಶತಮಾನದ ಕೊನೆಗೆ ಸೇರಿದ ಒಂದು ಪಾತ್ರೆಯ ಮೇಲೆ ಹೆರ್ಮೋಕ್ಲಿಸನ ಮಗ, ಅನಾಫ್ಲಿಸ್ಟೋಸ್ ಊರಿನ ನಿಕಿಯಾಸ್ ಮಾಡಿದನೆಂದು ಬರೆದಿದೆ. ಇವನು ನಿಸ್ಸಂದೇಹವಾಗಿ ಪೌರ. ಅನಾಫ್ಲಿಸ್ಟೋಸ್ ದೂರದ ಕರಾವಳಿಯ ಊರಾದರೂ ಇವನು ಅಲ್ಲಿಯೇ ವಾಸವಾಗಿದ್ದನೆಂದು ಭಾವಿಸಬೇಡಿ. ಡೀಮ್ ತಂದೆಯಿಂದ ಮಗನಿಗೆ ಬರುತ್ತಿತ್ತು, ಕುಟುಂಬ ಎಲ್ಲಿಗೆ ವಲಸೆ ಹೋದರೂ ಅದು ಬದಲಾಗುತ್ತಿರಲಿಲ್ಲ.

ಇನ್ನು ನಿಜವಾದ ವಂಶಾವಳಿಗೆ ಅತ್ಯಂತ ಹತ್ತಿರ ಬರುವ ಮನೆತನವೊಂದಿದೆ. ತಾವು ಇದರಿಂದಲೇ ಆರಂಭಿಸಬೇಕೆಂದು ನನ್ನ ಒತ್ತಾಯ. ಪನಥೆನಾಯಿಕ್ ಕ್ರೀಡೋತ್ಸವದಲ್ಲಿ ಗೆದ್ದವರಿಗೆ ಬಹುಮಾನವಾಗಿ ಎಣ್ಣೆ ತುಂಬಿ ಕೊಡುತ್ತಿದ್ದ ಹೂಜಿಗಳಲ್ಲಿ, ಕ್ರಿ.ಪೂ. 375ರ ಸುಮಾರಿನ ಒಂದಕ್ಕೆ ಬಾಖಿಯೋಸ್ ಎಂಬವನ ಸಹಿಯಿದೆ, ಅದೇ ಶತಮಾನದ ಇನ್ನೊಂದಕ್ಕೆ ಕಿಟ್ಟೋಸ್ ಎಂಬವನದು. ಏಥೆನ್ಸಿನ ಒಂದು ಸಮಾಧಿಶಿಲೆಯ ಪದ್ಯವು ಬಾಖಿಯೋಸ್ ಎಂಬವನನ್ನು, ಮಣ್ಣು ನೀರು ಬೆಂಕಿಗಳನ್ನು ಕಲೆಯಿಂದ ಒಂದುಗೂಡಿಸುವವರಲ್ಲಿ ಇಡೀ ಗ್ರೀಸ್ ದೇಶ ಮೊದಲಿಗನೆಂದು ತೀರ್ಪಿತ್ತವನು, ನಗರ ನಡೆಸಿದ ಸ್ಪರ್ಧೆಗಳಲ್ಲೆಲ್ಲ ಕಿರೀಟ ಗೆದ್ದವನು ಎಂದು ಹೊಗಳುತ್ತದೆ. ಸಮುದ್ರದ ಆಚೆಗೆ, ಎಫೆಸೋಸ್ ನಗರದಲ್ಲಿ ಇದೇ ಶತಮಾನದ ಕೊನೆಯ ಭಾಗದ ಶಾಸನವೊಂದು ದೊರೆತಿದೆ. ಬಾಖಿಯೋಸನ ಮಕ್ಕಳಾದ ಕಿಟ್ಟೋಸ್ ಮತ್ತು ಬಾಖಿಯೋಸ್ ಎಂಬ ಏಥೆನ್ಸಿನವರು ನಗರಕ್ಕೆ ಕಪ್ಪು ಪಾತ್ರೆಗಳನ್ನೂ ದೇವಿಗೆ ನೀರಿನ ಕೊಡವನ್ನೂ ಕಾನೂನು ಗೊತ್ತುಪಡಿಸಿದ ಬೆಲೆಗೆ ಮಾಡಿಕೊಡಲು ಒಪ್ಪಿದ್ದರಿಂದ, ಅವರು ನಗರದಲ್ಲಿದ್ದುಕೊಂಡು ಮಾತು ನಡೆಸುವವರೆಗೆ ಪೌರರಾಗಿರತಕ್ಕದ್ದು ಎಂದು ಅದು ವಿಧಿಸುತ್ತದೆ.

ಹೂಜಿಯ ಕಾಲಕ್ಕೂ ಶಾಸನದ ಕಾಲಕ್ಕೂ ನಡುವೆ ಸುಮಾರು 50 ವರ್ಷಗಳ ಅಂತರವಿರುವುದರಿಂದ, ಹೂಜಿಗೆ ಸಹಿ ಹಾಕಿದ ಕಿಟ್ಟೋಸ್ ಹಿಂದಿನ ತಲೆಮಾರಿನವನು, ಎಫೆಸೋಸ್‌ಗೆ ಹೋದವನು ಮುಂದಿನ ತಲೆಮಾರಿನವನು ಎಂದು ತಿಳಿಯುವುದು ಯುಕ್ತ. ಹೆಸರುಗಳನ್ನು ಗಮನಿಸಿ: ಬಾಖಿಯೋಸ್ ಎಂಬುದು ಬಾಕಸ್ ದೇವರಿಂದ ಬಂದದ್ದು, ಕಿಟ್ಟೋಸ್ ಎಂದರೆ ಆ ದೇವರಿಗೆ ಪ್ರಿಯವಾದ ಐವಿ ಬಳ್ಳಿ. ಹೆಸರಿಡುವುದರಲ್ಲಿಯೂ ಈ ಮನೆಯವರಿಗೆ ಒಂದು ಕ್ರಮವಿತ್ತು. ಹೂಜಿ, ಗೋರಿಯ ಪದ್ಯ, ಪರನಗರದ ಶಾಸನ ಈ ಮೂರೂ ಒಂದೇ ಮನೆಯ ಕಡೆಗೆ ಬೆರಳು ತೋರಿಸುವ ಇಂಥ ಇನ್ನೊಂದು ಉದಾಹರಣೆಯನ್ನು ಏಥೆನ್ಸಿನ ಕುಂಬಾರರಲ್ಲಿ ನಾನು ಕಂಡಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬರ್ಲಿನ್ ಮತ್ತು ಅಕಿಲೀಸ್ ಚಿತ್ರಕಾರರನ್ನು ಪ್ರತ್ಯೇಕ ಪಟ್ಟಿಗೆ ಸಾಗಿಸಿದ್ದೇನೆ. ಬಾಖಿಯೋಸನ ಮನೆತನದ ವಿಷಯ ಓದಿ ನನಗಾದ ಸಂತೋಷವನ್ನು ಹೇಳಲಾರೆ. ಇನ್ನೊಂದು ಸಂದೇಹ ಉಳಿದಿದೆ. ಅಮಾಸಿಸ್ ಎಂಬುದು ಈಜಿಪ್ಟಿನ ಹೆಸರಲ್ಲವೇ? ಈ ಕುಂಬಾರರಲ್ಲಿ ಪರದೇಶದವರೂ ದಾಸರೂ ಇದ್ದರೆಂದಾದರೆ ಅವರ ಕುಟುಂಬಗಳನ್ನು ಹುಡುಕುವ ದಾರಿ ಇದೆಯೇ? ಹೆಂಗಸರ ಸುಳಿವು ಎಲ್ಲಿಯಾದರೂ ಸಿಗುತ್ತದೆಯೇ?

ಮೂರನೆಯ ಉತ್ತರ

ಅಮಾಸಿಸ್ ಎಂಬುದು ಈಜಿಪ್ಟಿನ ಹೆಸರಿನ ಗ್ರೀಕ್ ರೂಪ, ಅಲ್ಲಿಯ ದೊರೆಯೊಬ್ಬನಿಗೂ ಅದೇ ಹೆಸರಿತ್ತು. ಆದರೆ ಹೆಸರು ಪರದೇಶದ್ದಾದ ಮಾತ್ರಕ್ಕೆ ಮನುಷ್ಯನೂ ಪರದೇಶದವನಾಗಬೇಕಿಲ್ಲ. ವ್ಯಾಪಾರದ ನಂಟಿದ್ದ ಗ್ರೀಕ್ ತಂದೆಯೂ ಅದನ್ನು ಮಗನಿಗೆ ಇಟ್ಟಿರಬಹುದು. ಇನ್ನಿಬ್ಬರು ಚಿತ್ರಕಾರರ ಹೆಸರುಗಳಲ್ಲಿ ಲಿಡೋಸ್ ಎಂದರೆ ಲಿಡಿಯಾದವನು, ಸ್ಕಿಥಿಸ್ ಎಂದರೆ ಸ್ಕಿಥಿಯಾದವನು. ಇವು ಜನ್ಮನಾಮಗಳಿಗಿಂತ ಇತರರು ಕರೆದ ಹೆಸರುಗಳಂತೆ ಕೇಳಿಸುತ್ತವೆ. 6ನೆಯ ಶತಮಾನದ ಕೊನೆಯ ಭಾಗದ ಒಂದು ಪಾತ್ರೆಯ ಮೇಲೆ, ಪ್ರಸಿದ್ಧ ಲಿಡೋಸನಿಗಿಂತ ಬೇರೆಯಾದ ಕಿರಿಯ ಲಿಡೋಸ್ ಒಬ್ಬನು ತನ್ನನ್ನು ದಾಸನೆಂದು ಕರೆದುಕೊಂಡಿರುವಂತೆ ಓದಲಾಗಿದೆ. ದಾಸನಿಗೆ ಕಾನೂನಿನ ದೃಷ್ಟಿಯಲ್ಲಿ ತಂದೆಯೂ ಇಲ್ಲ, ಡೀಮೂ ಇಲ್ಲ. ಆದ್ದರಿಂದ ಅವನ ವಂಶಾವಳಿಯನ್ನು ಬರೆಯಲು ಆಧಾರ ಸಿಗುವುದಿಲ್ಲ. ಆದರೂ ಅವನ ಹೆಸರು ತಮ್ಮ ಪಟ್ಟಿಯಲ್ಲಿ ಒಂಟಿಯಾಗಿಯಾದರೂ ಇರಲೇಬೇಕು ಎಂದು ನಾನು ಬೇಡಿಕೊಳ್ಳುತ್ತೇನೆ. ಜೇಡಿಮಣ್ಣು ತುಳಿದು ಹದ ಮಾಡಿದವರು, ಆವಿಗೆಗೆ ಸೌದೆ ಒಟ್ಟಿದವರು ಅವನಷ್ಟೂ ಉಳಿದಿಲ್ಲ.

ಹೆಂಗಸರ ವಿಷಯದಲ್ಲಿ ಕ್ರಿ.ಪೂ. 460ರ ಸುಮಾರಿನ ಒಂದು ನೀರಿನ ಕೊಡವನ್ನು ನೋಡಿ. ಅದರ ಮೇಲೆ ಚಿತ್ರಕಾರರು ಕುಳಿತು ಪಾತ್ರೆಗಳನ್ನು ಅಲಂಕರಿಸುತ್ತಿದ್ದಾರೆ, ಅಥೆನಾ ದೇವಿ ಅವರಿಗೆ ಕಿರೀಟ ತರುತ್ತಿದ್ದಾಳೆ. ಒಂದು ಅಂಚಿನಲ್ಲಿ ಹೆಣ್ಣೊಬ್ಬಳು ಕುಂಚ ಹಿಡಿದು ದೊಡ್ಡ ಪಾತ್ರೆಯೊಂದರ ಹಿಡಿಯನ್ನು ಚಿತ್ರಿಸುತ್ತಿದ್ದಾಳೆ, ಅವಳಿಗೆ ಕಿರೀಟವಿಲ್ಲ. ಅವಳು ಒಡೆಯನ ಮಗಳೋ ಹೆಂಡತಿಯೋ ದಾಸಿಯೋ ಎಂದು ಚಿತ್ರ ಹೇಳದಿದ್ದರೂ, ಮನೆಯ ಹೆಂಗಸರು ಈ ಕಸುಬಿನಲ್ಲಿ ಕೈಯಾಡಿಸುತ್ತಿದ್ದರೆಂದು ನಂಬಲು ಅದು ನನಗೆ ಸಾಕು.

ಹುಡುಕಾಟಕ್ಕೆ ಎರಡು ಸಾಧನಗಳನ್ನು ಬಳಸಿ. ಆಕ್ಸ್‌ಫರ್ಡಿನ ಬೀಜ್ಲಿ ಸಂಗ್ರಹದ ದತ್ತಾಂಶದಲ್ಲಿ 1 ಲಕ್ಷಕ್ಕೂ ಹೆಚ್ಚು ಪಾತ್ರೆಗಳ ವಿವರವಿದ್ದು, ಸಹಿಯ ಹೆಸರಿನಿಂದಲೇ ಹುಡುಕಬಹುದು. ಗ್ರೀಕ್ ವ್ಯಕ್ತಿನಾಮಗಳ ಕೋಶದಲ್ಲಿ, ಏಥೆನ್ಸ್ ಸೇರಿದ ಅಟ್ಟಿಕಾ ಪ್ರದೇಶದ ಸಂಪುಟ 1994ರಲ್ಲಿ ಪ್ರಕಟವಾಗಿದೆ. ಒಂದು ಹೆಸರು ಆ ಪ್ರದೇಶದಲ್ಲಿ ಎಷ್ಟು ಜನರಿಗೆ ಇತ್ತೆಂಬುದನ್ನು ಅದರಲ್ಲಿ ಮೊದಲು ಎಣಿಸಿ. ನಿಕಿಯಾಸ್‌ನಂತಹ ಸಾಮಾನ್ಯ ಹೆಸರು ಎರಡು ಕಡೆ ಸಿಕ್ಕಿದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಟ್ಲೆಸೋನ್‌ನಂತಹ ವಿರಳ ಹೆಸರು ಸಿಕ್ಕಿದರೆ ಅದನ್ನು ಹಿಂಬಾಲಿಸಬಹುದು.

ಮತ್ತು ಏಥೆನ್ಸಿನ ಹೊರಗೂ ಹುಡುಕಿರಿ. ಕಪ್ಪು ಸಮುದ್ರದ ದಡದ ಕೆರ್ಚ್‌ನಲ್ಲಿ ದೊರೆತ ಒಂದು ಪಾತ್ರೆಗೆ ಕ್ಸೆನೋಫಾಂಟೋಸ್ ಎಂಬವನು ಏಥೆನ್ಸಿನವನೆಂದು ಸಹಿ ಹಾಕಿದ್ದಾನೆ. ತನ್ನ ಊರಿನಲ್ಲೇ ಕುಳಿತಿದ್ದರೆ ಹಾಗೆ ಬರೆಯುವ ಅಗತ್ಯ ಅವನಿಗೆ ಬರುತ್ತಿರಲಿಲ್ಲವೆಂದು ವಾದಿಸುವವರಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ.