ಅಪ್‌ಡೇಟ್: ನಾಸಿಕ್‌ನ ವೈನ್ ತೋಟಕ್ಕೆ ಹೋಗಿ ಬಂದೆವು

ಮದುವೆ ವಾರ್ಷಿಕೋತ್ಸವಕ್ಕೆ ಇಬ್ಬರೇ ವೈನ್ ತೋಟ ನೋಡಬೇಕು, ಉಡುಪಿಯಿಂದ ನಂದಿಬೆಟ್ಟದ ಕಡೆ ಹೋಗೋದಾ, ನಾಸಿಕ್‌ಗಾ ಅಂತ ಕೇಳಿದ್ದೆ. ಜಾಸ್ತಿ ಜನ ನಾಸಿಕ್ ಅಂದಿರಿ. ಅಲ್ಲಿಗೇ ಹೋದೆವು.

ಮಂಗಳಾ ಎಕ್ಸ್‌ಪ್ರೆಸ್ ಹಿಡಿಯಿರಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಉಡುಪಿಯಲ್ಲಿ ಹತ್ತಿದರೆ ನಾಸಿಕ್ ರೋಡ್‌ನಲ್ಲೇ ಇಳಿಯಬಹುದು, ಮುಂಬೈಯಲ್ಲಿ ರೈಲು ಬದಲಿಸುವ ರಗಳೆ ಇಲ್ಲ. ಆದರೆ ಸ್ಟೇಷನ್ ಊರಿನ ಒಂದು ತುದಿ, ಗಂಗಾಪುರ ಅಣೆಕಟ್ಟಿನ ಕಡೆಯ ತೋಟಗಳು ಇನ್ನೊಂದು ತುದಿ. ಟ್ಯಾಕ್ಸಿಗೆ ದುಡ್ಡು ಎತ್ತಿಡಿ. ವಾರಾಂತ್ಯದ ಜೊತೆಗೆ ರಜೆಯೂ ಬೇಕು.

ಸುಲಾ ಅನ್ನುವ ವೈನ್ ತೋಟದಲ್ಲಿ ಟೂರ್ ಮಾಡಿದೆವು. ಫೆಬ್ರವರಿ, ಕೊಯ್ಲಿನ ಸಮಯ. ಯುರೋಪಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ದರೆ, ಇಲ್ಲಿ ಮಳೆಗಾಲ ಮುಗಿಯುವಾಗ ಬಳ್ಳಿ ಸವರಿ, ಚಳಿಯಲ್ಲಿ ಹಣ್ಣು ಮಾಗಲು ಬಿಟ್ಟು, ಜನವರಿಯಿಂದ ಮಾರ್ಚ್ ಒಳಗೆ ಕೊಯ್ಯುತ್ತಾರೆ. ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಸಣ್ಣದು, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. ಸಿಹಿ ಮಾತ್ರ ನಮ್ಮ ಮಾರ್ಕೆಟಿನ ದ್ರಾಕ್ಷಿಗಿಂತ ಜಾಸ್ತಿ!

ಟೇಸ್ಟಿಂಗ್‌ನಲ್ಲಿ ನಮ್ಮವರಿಗೆ ಕೆಂಪು ಶಿರಾಜ್ ಇಷ್ಟವಾಯಿತು, ನನಗೆ ಬಾಯೆಲ್ಲ ಒಗರು. ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಹಿಡಿಸಿತು. ಜೊತೆಗೆ ಚೀಸ್ ಬದಲು ಅಂಜಲ್ ತವಾ ಫ್ರೈ ಇರಬೇಕಿತ್ತು, ಅಲ್ವಾ?

ಶನಿವಾರ ಸಂಜೆ ವಿಪರೀತ ರಶ್. ಸುಮ್ನೆ ಕೂತು ತೋಟ ನೋಡಬೇಕಾದರೆ ಬೆಳಿಗ್ಗೆ ಹೋಗಿ.

ಮುಂದಿನ ಸಲ ದೊಡ್ಡಬಳ್ಳಾಪುರದ ಗ್ರೋವರ್ ತೋಟ. ಹೋದವರಿದ್ದರೆ ಹೇಳಿ, ಟೂರ್ ಮುಂಚೆಯೇ ಬುಕ್ ಮಾಡಬೇಕಾ?