ಹೊಸ ಫೋನ್ ಹಿಡಿದ ಇಪ್ಪತ್ತೇ ನಿಮಿಷಕ್ಕೆ ಕಣ್ಣು ಸೆಳೆತ: ಕಾರಣ ಗೊತ್ತಿದ್ದವರು ದಯವಿಟ್ಟು ತಿಳಿಸಿ

ಕರಡು ತಿದ್ದುವವಳು, ಧಾರವಾಡ

ಐದು ವಾರಗಳ ಹಿಂದೆ ಹೊಸ ಫೋನ್ ಕೊಂಡೆ. ಅಂದಿನಿಂದ ಕಣ್ಣುಗುಡ್ಡೆಯ ಹಿಂದೆ ದಾರ ಕಟ್ಟಿ ಎಳೆದಂತಹ ನೋವು, ಹುಬ್ಬುಗಳ ನಡುವೆ ಬಿಗಿತ, ಕೆಲವು ದಿನ ಹೊಟ್ಟೆ ತೊಳಸುವುದೂ ಉಂಟು. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಪ್ರಕಾಶಕರು ಕಳುಹಿಸುವ ಪಿಡಿಎಫ್ ಪುಟಗಳನ್ನು ಫೋನಿನಲ್ಲೇ ಹಿಗ್ಗಿಸಿಕೊಂಡು, ತ ಒತ್ತು ಬರಬೇಕಾದಲ್ಲಿ ನ ಒತ್ತು ಬಂದಿದೆಯೇ ಎಂದು ಒಂದೊಂದು ಅಕ್ಷರವನ್ನೂ ನೋಡಬೇಕಾಗುತ್ತದೆ. ಹಳೆಯ ಫೋನಿನಲ್ಲಿ ನಾಲ್ಕು ವರ್ಷ, ದಿನಕ್ಕೆ ನಾಲ್ಕೈದು ಗಂಟೆ, ಇದೇ ಕೆಲಸವನ್ನು ಯಾವ ತೊಂದರೆಯೂ ಇಲ್ಲದೆ ಮಾಡಿದ್ದೇನೆ. ಹೊಸದರಲ್ಲಿ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಸಾಕಾಗಿ ಹೋಗುತ್ತದೆ.

ಕಣ್ಣಿನ ವೈದ್ಯರಲ್ಲಿಗೆ ಹೋಗಿ ಬಂದೆ. ಕನ್ನಡಕದ ನಂಬರ್ ಬದಲಾಗಿಲ್ಲ, ಬೇರೆ ದೋಷವೂ ಇಲ್ಲ ಎಂದರು. ಫೋನ್ ಮಾರಿದವರು "ಹೊಸದಲ್ಲವೇ, ಅಭ್ಯಾಸವಾಗುತ್ತದೆ" ಎನ್ನುತ್ತಾರೆ. ಪರದೆ ಅತ್ಯಂತ ಸ್ವಚ್ಛವಾಗಿದೆ, ಮಿನುಗುವುದಂತೂ ನನಗೆ ಕಾಣಿಸುವುದಿಲ್ಲ. ಹಾಗಿದ್ದರೆ ನೋವು ಎಲ್ಲಿಂದ ಬರುತ್ತಿದೆ? ಮೂರು ತಿಂಗಳ ಉಳಿತಾಯ ಸುರಿದು ಕೊಂಡ ವಸ್ತುವನ್ನು ಕೈಯಲ್ಲಿ ಹಿಡಿಯಲೂ ಹೆದರುವಂತಾಗಿದೆ.

ಕನ್ನಡಕಧಾರಿ, ತುಮಕೂರು

ಮೇಡಂ, ಇದು ನೀಲಿ ಬೆಳಕಿನ ಕೆಲಸ. ಹೊಸ ಪರದೆಗಳಲ್ಲಿ ಬಣ್ಣ ಗಾಢವಾಗಿರುವುದರಿಂದ ನೀಲಿಯೂ ಹೆಚ್ಚು. ರಾತ್ರಿ ಮೋಡ್ ಹಾಕಿ, ನೀಲಿ ತಡೆಯುವ ಗಾಜಿನ ಕನ್ನಡಕ ಮಾಡಿಸಿಕೊಳ್ಳಿ. ನಾನು ಎರಡು ವರ್ಷದಿಂದ ಹಾಕುತ್ತಿದ್ದೇನೆ, ಬಹಳ ಅನುಕೂಲವಾಗಿದೆ.

ಕರಡು ತಿದ್ದುವವಳು, ಧಾರವಾಡ

ರಾತ್ರಿ ಮೋಡ್ ಮೊದಲ ವಾರದಿಂದಲೇ ಹಾಕಿದ್ದೇನೆ. ಪುಟ ಹಳದಿಯಾಯಿತೇ ಹೊರತು ನೋವು ಕಡಿಮೆಯಾಗಲಿಲ್ಲ.

ಕನ್ನಡಕಧಾರಿ, ತುಮಕೂರು

ಮೋಡ್ ಸಾಲದು, ಕನ್ನಡಕವೇ ಬೇಕು. ಒಳ್ಳೆಯ ಲೇಪನವಿರುವ ಗಾಜು ಕೊಳ್ಳಿ, ಅಗ್ಗದ್ದು ಬೇಡ.

ದೃಷ್ಟಿಪಾಠ, ಮಣಿಪಾಲ

ನಾನು ಆಪ್ಟೊಮೆಟ್ರಿ, ಅಂದರೆ ದೃಷ್ಟಿ ಪರೀಕ್ಷೆಯ ಶಾಸ್ತ್ರ, ಓದುತ್ತಿರುವವಳು. ತುಮಕೂರಿನ ಸರ್ ಅವರಿಗೆ ಆಗಿರುವ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಕ ಹಣ ಖರ್ಚು ಮಾಡುವ ಮೊದಲು ಇದನ್ನು ಹೇಳಲೇಬೇಕು. ಇಂತಹ ಗಾಜುಗಳ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆ 2023ರಲ್ಲಿ ಪ್ರಕಟವಾಯಿತು. ಸಾಮಾನ್ಯ ಗಾಜಿಗೆ ಹೋಲಿಸಿದರೆ, ಕಂಪ್ಯೂಟರ್ ಬಳಕೆಯಿಂದ ಬರುವ ಕಣ್ಣಿನ ಆಯಾಸವನ್ನು ಇವು ಅಲ್ಪಾವಧಿಯಲ್ಲಿ ಕಡಿಮೆ ಮಾಡಲಾರವು ಎಂಬುದೇ ಅದರ ಒಟ್ಟಾರೆ ಅಭಿಪ್ರಾಯ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದು ನಿಜ. ಆದರೆ ಅದೊಂದೇ ಕಾರಣವಾಗಿದ್ದರೆ ಹಳೆಯ ಫೋನಿನಲ್ಲೂ ನೋವು ಬರಬೇಕಿತ್ತು.

ಕನ್ನಡಕಧಾರಿ, ತುಮಕೂರು

ಪರಾಮರ್ಶೆಗಳು ಏನೇ ಹೇಳಲಿ, ಅನುಭವಕ್ಕೂ ಬೆಲೆಯಿದೆ. ನನ್ನ ಇಡೀ ಕಚೇರಿಯಲ್ಲಿ ಆರು ಜನ ಈ ಗಾಜು ಹಾಕುತ್ತೇವೆ.

ಹಳೆಯ ಡಿಟಿಪಿ, ಬೆಂಗಳೂರು

ಫೋನನ್ನು ಬಿಟ್ಟು ನಿಮ್ಮ ಕೋಣೆಯ ಟ್ಯೂಬ್‌ಲೈಟ್ ಕಡೆ ನೋಡಿ, ತಾಯಿ. ಕಬ್ಬಿಣದ ಚೋಕ್ ಇರುವ ಪಟ್ಟಿಯೇ? ಹಾಗಿದ್ದರೆ ನಮ್ಮ 50 ಹರ್ಟ್ಜ್ (ಸೆಕೆಂಡಿಗೆ 50 ಸುತ್ತು) ವಿದ್ಯುತ್ತಿನಲ್ಲಿ ಆ ದೀಪ ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಅದರ ಕೆಳಗೆ ಫ್ಯಾನ್ ತಿರುಗುವಾಗ ರೆಕ್ಕೆಗಳು ನಿಂತಂತೆಯೋ ಹಿಂದಕ್ಕೆ ತಿರುಗಿದಂತೆಯೋ ಕಾಣುವುದು ಇದರಿಂದಲೇ. ಬ್ರಿಟನ್ನಿನ ಕಚೇರಿಯೊಂದರಲ್ಲಿ ಇಂತಹ ದೀಪಗಳ ಬದಲು ಎಲೆಕ್ಟ್ರಾನಿಕ್ ಚೋಕ್ ಇರುವ ಅಧಿಕ ಕಂಪನಾಂಕದ ದೀಪಗಳನ್ನು ಹಾಕಿ ನೋಡಿದಾಗ ತಲೆನೋವು ಅರ್ಧಕ್ಕಿಂತ ಹೆಚ್ಚು ಇಳಿಯಿತು ಎಂದು 1989ರಲ್ಲೇ ವರದಿಯಾಗಿದೆ. ಯಾರ ಕಣ್ಣಿಗೂ ಆ ಮಿನುಗು ಕಾಣುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ನಾನೇ ಅನುಭವಿಸಿದವನು. ಹಳೆಯ ಗಾಜಿನ ಮಾನಿಟರ್‌ಗಳ ಕಾಲದಲ್ಲಿ ಮದುವೆ ಪತ್ರಿಕೆ, ಕರಪತ್ರ ಎಂದು ರಾತ್ರಿಯೆಲ್ಲ ಟೈಪ್ ಮಾಡಿ ಬೆಳಿಗ್ಗೆ ತಲೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದೆ. ಸರ್ವಿಸ್‌ಗೆ ಬಂದ ಹುಡುಗನೊಬ್ಬ ಮಾನಿಟರನ್ನು 60 ಹರ್ಟ್ಜ್‌ನಿಂದ 85ಕ್ಕೆ ಏರಿಸಿ ಹೋದ. ಅದೇ ವಾರ ತಲೆನೋವು ಬಿಟ್ಟಿತು.

ಕರಡು ತಿದ್ದುವವಳು, ಧಾರವಾಡ

ಚೋಕ್ ಪಟ್ಟಿ ಇರುವುದು ಅಡುಗೆಮನೆಯಲ್ಲಿ ಮಾತ್ರ. ನಾನು ಓದುವುದು ಮಲಗುವ ಕೋಣೆಯಲ್ಲಿ, ಮಗು ಮಲಗಿದ ಮೇಲೆ, ದೀಪ ಆರಿಸಿಕೊಂಡು.

ದುರಸ್ತಿ ಬೆಂಚು, ದಾವಣಗೆರೆ

ದೀಪ ಆರಿಸಿಕೊಂಡು ಓದುತ್ತೀರಿ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು, ಮೇಡಂ. ಮೂರು ಪ್ರಶ್ನೆಗಳಿವೆ. ಹಳೆಯ ಫೋನಿನ ಪರದೆ ಎಲ್‌ಸಿಡಿಯೇ (ಹಿಂದಿನಿಂದ ದೀಪ ಬೆಳಗುವ ಬಗೆ), ಹೊಸದು ಅಮೋಲೆಡ್ಡೇ (ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಬಗೆ)? ಬ್ರೈಟ್‌ನೆಸ್ ಪಟ್ಟಿ ಎಲ್ಲಿರುತ್ತದೆ? ಹಗಲಿನಲ್ಲಿ ಓದಿದರೂ ಇಷ್ಟೇ ನೋವಾಗುತ್ತದೆಯೇ?

ಕರಡು ತಿದ್ದುವವಳು, ಧಾರವಾಡ

ಹಳೆಯದು ಎಲ್‌ಸಿಡಿ, ಹೊಸದು ಅಮೋಲೆಡ್. ಅದಕ್ಕೇ ಹೆಚ್ಚು ಹಣ ಕೊಟ್ಟಿದ್ದು. ಬ್ರೈಟ್‌ನೆಸ್ಸನ್ನು ಪೂರ್ತಿ ಕೆಳಗೆ ಇಳಿಸಿಯೇ ಇಟ್ಟಿದ್ದೇನೆ. ಕಣ್ಣು ನೋವಿದ್ದಾಗ ಯಾರಾದರೂ ಹಾಗೆಯೇ ಮಾಡುತ್ತಾರಲ್ಲವೇ, ಆದ್ದರಿಂದ ಹೇಳಬೇಕೆಂದು ತೋಚಲಿಲ್ಲ. ಹಗಲು ಅಂಗಳದಲ್ಲಿ ಕುಳಿತು ಓದಿದ ಎರಡು ದಿನ ಏನೂ ಆಗಲಿಲ್ಲ ಎಂಬುದು ಈಗ ನೆನಪಾಗುತ್ತಿದೆ. ಪರದೆ ಮಿನುಗುತ್ತದೆಯೇ ಎಂದು ಅಕ್ಕನ ಮಗನ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಕೂಡ ತೆಗೆದು ನೋಡಿದ್ದೆವು, ಅದರಲ್ಲಿ ಪರದೆ ನಿಶ್ಚಲವಾಗಿಯೇ ಇತ್ತು.

ದುರಸ್ತಿ ಬೆಂಚು, ದಾವಣಗೆರೆ

ನೋವು ಕಡಿಮೆಯಾಗಲೆಂದು ನೀವು ಮಾಡಿದ್ದೇ ನೋವನ್ನು ಹೆಚ್ಚಿಸುತ್ತಿರಬಹುದು. ಅಮೋಲೆಡ್ ಪರದೆಯಲ್ಲಿ ಬೆಳಕು ತಗ್ಗಿಸುವುದೆಂದರೆ, ಬಹುಪಾಲು ಫೋನುಗಳಲ್ಲಿ, ದೀಪವನ್ನು ಮಂದಗೊಳಿಸುವುದಲ್ಲ, ಪೂರ್ತಿ ಹೊತ್ತಿಸಿ ಪೂರ್ತಿ ಆರಿಸುವುದನ್ನು ಅತಿವೇಗವಾಗಿ ಮಾಡುತ್ತಾ ಹೊತ್ತಿರುವ ಅವಧಿಯನ್ನು ಕಿರಿದಾಗಿಸುವುದು. ಇದನ್ನೇ ಪಿಡಬ್ಲ್ಯುಎಂ ಎನ್ನುತ್ತಾರೆ. ಅನೇಕ ಪರದೆಗಳಲ್ಲಿ ಇದರ ವೇಗ 240 ಹರ್ಟ್ಜ್, ಅಂದರೆ ಒಂದು ಸುತ್ತಿಗೆ ಸುಮಾರು 4.2 ಮಿಲಿಸೆಕೆಂಡ್. ಬೆಳಕನ್ನು ಹತ್ತನೇ ಒಂದು ಪಾಲಿಗೆ ಇಳಿಸಿದಿರಿ ಎನ್ನಿ. ಆಗ ಆ ಸುತ್ತಿನಲ್ಲಿ 0.4 ಮಿಲಿಸೆಕೆಂಡ್ ಬೆಳಕು, ಉಳಿದ 3.8 ಮಿಲಿಸೆಕೆಂಡ್ ಕತ್ತಲೆ. ಹಗಲಿನಲ್ಲಿ ಬ್ರೈಟ್‌ನೆಸ್ ಏರಿದಾಗ ಕತ್ತಲೆಯ ಪಾಲು ಕಿರಿದಾಗುತ್ತದೆ. ಅಂಗಳದಲ್ಲಿ ಏನೂ ಆಗದಿರುವುದಕ್ಕೆ ಇದು ಸರಿಹೊಂದುತ್ತದೆ.

ಸ್ಲೋ ಮೋಷನ್ನನ್ನು ನಂಬಬೇಡಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಕ್ಯಾಮೆರಾ, 240 ಬಾರಿ ಮಿನುಗುವ ಪರದೆಯನ್ನು ಪ್ರತಿ ಸಲವೂ ಅದೇ ಘಟ್ಟದಲ್ಲಿ ಹಿಡಿಯುವುದರಿಂದ ಎಲ್ಲವೂ ನಿಂತಂತೆ ಕಾಣುತ್ತದೆ. ಕ್ಯಾಮೆರಾದ ಪ್ರೊ ಮೋಡಿನಲ್ಲಿ ಶಟರನ್ನು 1/4000 ಸೆಕೆಂಡಿಗೆ ಇಟ್ಟು ಬಿಳಿ ಪುಟದ ಫೋಟೊ ತೆಗೆಯಿರಿ, ಕಪ್ಪು ಪಟ್ಟೆಗಳು ಬಂದರೆ ಮಿನುಗು ಇದೆ. ಅದೂ ಬೇಡವೆಂದರೆ ಕತ್ತಲೆ ಕೋಣೆಯಲ್ಲಿ ಬಿಳಿ ಪರದೆಯ ಮುಂದೆ ಒಂದು ಪೆನ್ಸಿಲನ್ನು ಬೀಸಣಿಗೆಯಂತೆ ಆಡಿಸಿ. ನಿರಂತರ ಬೆಳಕಿದ್ದರೆ ಅದು ಒಂದೇ ಮಸುಕಾಗಿ ಕಾಣುತ್ತದೆ, ಮಿನುಗಿದ್ದರೆ ಹಲವು ಪೆನ್ಸಿಲುಗಳು ಬಿಡಿಬಿಡಿಯಾಗಿ ಸಾಲುಗಟ್ಟುತ್ತವೆ.

ಎರಡು ಪರದೆ, ಮೈಸೂರು

ಇದಕ್ಕೆಲ್ಲ ಒಂದೇ ಪರಿಹಾರ, ಪಿಡಬ್ಲ್ಯುಎಂ ವೇಗ 3840 ಹರ್ಟ್ಜ್ ಇರುವ ಫೋನ್ ಕೊಳ್ಳುವುದು. 2023ರಲ್ಲಿ ಹಾನರ್ 90 ಬಂದಾಗಲೇ ನಾನು ಕೊಂಡೆ. ಓದಲು ಕಾಗದದಂತೆ ಕಾಣುವ ಹತ್ತು ಇಂಚಿನ ಇ-ಇಂಕ್ ಪರದೆ ಬೇರೆ ಇದೆ, ಮೇಜಿನ ಮೇಲೆ ಮಿನುಗಿಲ್ಲದ ಮಾನಿಟರ್ ಇದೆ, ದೀಪವನ್ನೂ ನೇರ ವಿದ್ಯುತ್ತಿಗೆ ಬದಲಾಯಿಸಿಕೊಂಡಿದ್ದೇನೆ. ಕಣ್ಣಿಗೆ ಆಯಾಸವೆಂಬುದೇ ಇಲ್ಲ.

ದುರಸ್ತಿ ಬೆಂಚು, ದಾವಣಗೆರೆ

ಮೂರು ತಿಂಗಳ ಉಳಿತಾಯ ಸುರಿದವರಿಗೆ ಇನ್ನೊಂದು ಫೋನ್ ಕೊಳ್ಳಿ ಎನ್ನುವುದು ಪರಿಹಾರವಾಗುವುದಿಲ್ಲ. ಅಲ್ಲದೆ ಆ ದೊಡ್ಡ ಸಂಖ್ಯೆ ಹಲವು ಫೋನುಗಳಲ್ಲಿ ಬ್ರೈಟ್‌ನೆಸ್ ಒಂದು ಮಟ್ಟಕ್ಕಿಂತ ಇಳಿದಾಗ ಮಾತ್ರ ಜಾರಿಗೆ ಬರುತ್ತದೆ. ದೀಪವನ್ನು ಹೊತ್ತಿಸಿ ಆರಿಸುವ ಬದಲು ವಿದ್ಯುತ್ತನ್ನೇ ತಗ್ಗಿಸಿ ಮಂದಗೊಳಿಸುವ ಡಿಸಿ ಡಿಮ್ಮಿಂಗ್ ಇರುವ ಫೋನ್ ಎಷ್ಟೋ ಮೇಲು.

ಎರಡು ಪರದೆ, ಮೈಸೂರು

ಡಿಸಿ ಡಿಮ್ಮಿಂಗ್ ಎಂದು ಬರೆದಿರುವ ಅಮೋಲೆಡ್ ಪರದೆಯಲ್ಲೂ ಚಿತ್ರ ಹೊಸದಾಗುವ ಪ್ರತಿ ರಿಫ್ರೆಶ್‌ಗೆ ಬೆಳಕು ಒಮ್ಮೆ ಕುಸಿಯುತ್ತದೆ. ಮಂದ ಬೆಳಕಿನಲ್ಲಿ ಬೂದು ಬಣ್ಣ ಹಸಿರಾಗುವುದೂ ಉಂಟು. ಎಲ್‌ಇಡಿ ಮಿನುಗಿನ ಬಗ್ಗೆ ಇರುವ ಎಂಜಿನಿಯರುಗಳ ಸಂಸ್ಥೆ ಐಇಇಇಯ 1789 ಸಂಖ್ಯೆಯ ಶಿಫಾರಸನ್ನು ನೋಡಿ. 1250 ಹರ್ಟ್ಜ್ ದಾಟಿದರೆ ಅಪಾಯ ಕಡಿಮೆ, 3000 ದಾಟಿದರೆ ಪರಿಣಾಮವೇ ಇಲ್ಲ ಎಂಬ ವರ್ಗೀಕರಣ ಅದರಲ್ಲಿದೆ. ಸಂಖ್ಯೆಯೇ ಮುಖ್ಯ.

ದುರಸ್ತಿ ಬೆಂಚು, ದಾವಣಗೆರೆ

ಅದೇ ಶಿಫಾರಸು ಮಿನುಗಿನ ಆಳವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 240 ಹರ್ಟ್ಜ್‌ನಲ್ಲಿ ಏರಿಳಿತ ಸುಮಾರು ಶೇ 19ರ ಒಳಗಿದ್ದರೆ ಅದೂ ಕಡಿಮೆ ಅಪಾಯದ ವರ್ಗಕ್ಕೇ ಸೇರುತ್ತದೆ. ಪೂರ್ತಿ ಆರಿ ಹೊತ್ತುವ ಪರದೆಗೂ ಸ್ವಲ್ಪವೇ ಕುಸಿಯುವ ಪರದೆಗೂ ವ್ಯತ್ಯಾಸವಿರುವುದು ಅಲ್ಲೇ. ಮೇಲಾಗಿ ಅದನ್ನು ಬರೆದದ್ದು ಕೋಣೆಯ ದೀಪಗಳಿಗೆ, ಅಂಗೈ ಪರದೆಗಳಿಗಲ್ಲ.

ದೃಷ್ಟಿಪಾಠ, ಮಣಿಪಾಲ

ಇಬ್ಬರೂ ಸರ್ ದಯವಿಟ್ಟು ಅಕ್ಕನ ವಿಷಯಕ್ಕೆ ಬನ್ನಿ. ಕಾಣದ ಮಿನುಗು ಹೇಗೆ ಕಾಡುತ್ತದೆ ಎಂದು ಅವರು ಮೊದಲೇ ಕೇಳಿದ್ದರು. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಪದದಿಂದ ಪದಕ್ಕೆ ನೆಗೆಯುತ್ತದೆ. ನೆಗೆತದ ನಡುವೆ ಪರದೆ ಹಲವು ಬಾರಿ ಹೊತ್ತಿ ಆರಿದರೆ, ಒಂದೇ ಅಕ್ಷರದ ಬಿಂಬ ಅಕ್ಷಿಪಟಲದ ಮೇಲೆ ಬೇರೆ ಬೇರೆ ಜಾಗಗಳಲ್ಲಿ ಸಾಲಾಗಿ ಬೀಳುತ್ತದೆ. ನೇರವಾಗಿ ದಿಟ್ಟಿಸಿದರೆ ಸ್ಥಿರವೆಂದು ಕಾಣುವ ಬೆಳಕು ಕಣ್ಣು ಚಲಿಸಿದಾಗ ಮಾತ್ರ ಹೀಗೆ ಒಡೆಯುತ್ತದೆ. ಕರಡು ತಿದ್ದುವವರು ಒಂದೇ ಒತ್ತಕ್ಷರಕ್ಕೆ ಎರಡು ಮೂರು ಬಾರಿ ಮರಳಿ ಬರುತ್ತಾರೆ, ಹಾಗಾಗಿ ನೆಗೆತಗಳೂ ಹೆಚ್ಚು. ಎಲ್ಲರಿಗೂ ಇದರಿಂದ ತೊಂದರೆಯಾಗುವುದಿಲ್ಲ. ಅಕ್ಕ, ನಿಮಗೆ ಅರೆತಲೆನೋವಿನ ಇತಿಹಾಸ ಇದೆಯೇ?

ಕರಡು ತಿದ್ದುವವಳು, ಧಾರವಾಡ

ಇದೆ. ಕಾಲೇಜಿನ ದಿನಗಳಿಂದಲೂ ಇದೆ. ವೈದ್ಯರೂ ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ.

ನಿನ್ನೆ ರಾತ್ರಿ ಪೆನ್ಸಿಲ್ ಆಡಿಸಿ ನೋಡಿದೆ. ಹಳೆಯ ಫೋನಿನ ಮುಂದೆ ಹೊಗೆಯಂತಹ ಒಂದೇ ಮಸುಕು ಕಂಡಿತು. ಹೊಸದರ ಮುಂದೆ ಒಂದು ಪೆನ್ಸಿಲ್ ಏಳೆಂಟಾಗಿ, ಬಾಚಣಿಗೆಯ ಹಲ್ಲುಗಳಂತೆ ಸ್ಪಷ್ಟವಾಗಿ ಬೇರೆ ಬೇರೆ ನಿಂತವು. ಐದು ವಾರ ಎಲ್ಲರೂ ಭ್ರಮೆ ಎನ್ನುತ್ತಿದ್ದುದು ಕಣ್ಣೆದುರಿಗೆ ಕಂಡಾಗ ನಿಜವಾಗಿಯೂ ಅಳು ಬಂತು. 1/4000 ಶಟರಿನಲ್ಲಿ ಪಟ್ಟೆಗಳೂ ಬಂದವು, ಆದರೆ ಅವು ಎಷ್ಟು ಹರ್ಟ್ಜ್ ಎಂದು ತಿಳಿಯುವುದು ಹೇಗೆ?

ಹಳೆಯ ಡಿಟಿಪಿ, ಬೆಂಗಳೂರು

ಈಗ ನಿಮ್ಮ ಅಡುಗೆಮನೆಯ ಚೋಕ್ ಪಟ್ಟಿಯನ್ನೇ ಅಳತೆಗೋಲು ಮಾಡಿಕೊಳ್ಳಿ, ತಾಯಿ. ಅದೇ ಕ್ಯಾಮೆರಾ, ಅದೇ ಶಟರ್ ಇಟ್ಟು, ಆ ದೀಪದ ಬೆಳಕು ಬಿದ್ದಿರುವ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಗೋಡೆಯ ಮೇಲಿನ ಪಟ್ಟೆಗಳು 100 ಹರ್ಟ್ಜ್‌ನವು. ಗೋಡೆಯಲ್ಲಿ ಎರಡು ಪಟ್ಟೆ ಬಂದು ಪರದೆಯಲ್ಲಿ ಐದರ ಹತ್ತಿರ ಬಂದರೆ ಅದು 240ರ ಆಸುಪಾಸು.

ದುರಸ್ತಿ ಬೆಂಚು, ದಾವಣಗೆರೆ

ಉಪಾಯ ಚೆನ್ನಾಗಿದೆ ಸರ್, ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಮೋಲೆಡ್‌ನಲ್ಲಿ ಕತ್ತಲೆಯ ಪಟ್ಟೆ ಪರದೆಯ ಮೇಲೇ ಮೇಲಿನಿಂದ ಕೆಳಕ್ಕೆ ಚಲಿಸುತ್ತಿರುತ್ತದೆ. ಆದ್ದರಿಂದ ಎರಡೂ ಫೋನುಗಳನ್ನು ಒಂದೇ ದಿಕ್ಕಿಗೆ ಹಿಡಿದರೆ ಎಣಿಕೆ ತಪ್ಪುತ್ತದೆ. ಹೊಸ ಫೋನನ್ನು ಅಡ್ಡಲಾಗಿ ಮಲಗಿಸಿ, ಪರದೆ ಚಿತ್ರದ ತುಂಬ ಬರುವಷ್ಟು ಹತ್ತಿರದಿಂದ ತೆಗೆಯಿರಿ. ಪಟ್ಟೆಗಳು ಓರೆಯಾಗಿ ಬರುತ್ತವೆ. ಗೋಡೆಯ ಪಟ್ಟೆಗಳು ಯಾವ ದಿಕ್ಕಿನಲ್ಲಿ ಒಂದರ ನಂತರ ಒಂದು ಬಂದಿದ್ದವೋ ಅದೇ ದಿಕ್ಕಿನ ಅಂಚಿನಲ್ಲಿ ಅವುಗಳನ್ನು ಎಣಿಸಿ.

ಎಣಿಕೆ ಏನೇ ಬರಲಿ, ಇಂದು ರಾತ್ರಿಯೇ ಒಂದು ಕೆಲಸ ಮಾಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಎಕ್ಸ್‌ಟ್ರಾ ಡಿಮ್ ಎಂಬ ಸೌಲಭ್ಯ ಬಂದಿದೆ. ಹಲವು ಫೋನುಗಳಲ್ಲಿ ಅದು ದೀಪವನ್ನು ಮುಟ್ಟದೆ, ಚಿತ್ರದ ಬಿಳಿಯನ್ನೇ ಬೂದು ಮಾಡಿ ತೋರಿಸುತ್ತದೆ. ಬ್ರೈಟ್‌ನೆಸ್ ಪಟ್ಟಿಯನ್ನು ಅರ್ಧಕ್ಕಿಂತ ಮೇಲೇರಿಸಿ, ಎಕ್ಸ್‌ಟ್ರಾ ಡಿಮ್‌ನಿಂದ ಕಣ್ಣಿಗೆ ಹಿತವಾಗುವಷ್ಟು ತಗ್ಗಿಸಿ, ಮತ್ತೆ ಪೆನ್ಸಿಲ್ ಆಡಿಸಿ. ಹಲ್ಲುಗಳು ಒಂದಕ್ಕೊಂದು ಬೆರೆತರೆ ಗೆದ್ದಂತೆ. ಕೋಣೆಯಲ್ಲಿ ಸಣ್ಣ ದೀಪವೂ ಇರಲಿ.

ಕನ್ನಡಕಧಾರಿ, ತುಮಕೂರು

ನೀಲಿ ಬೆಳಕಿನ ಪಾತ್ರ ಏನೂ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ನನ್ನ ಫೋನಿನ ಮುಂದೆ ಪೆನ್ಸಿಲ್ ಆಡಿಸಿ ನೋಡಿದೆ. ಅದು ಎಲ್‌ಸಿಡಿ, ಮಸುಕು ಮಾತ್ರ ಬಂತು.

ಕರಡು ತಿದ್ದುವವಳು, ಧಾರವಾಡ

ಹತ್ತು ದಿನ ಕಾದು ಬರೆಯುತ್ತಿದ್ದೇನೆ. ಗೋಡೆಯಲ್ಲಿ ಎರಡು ಪಟ್ಟೆ, ಪರದೆಯ ಅಂಚಿನಲ್ಲಿ ಐದಕ್ಕೆ ತುಸು ಕಡಿಮೆ. ಎಕ್ಸ್‌ಟ್ರಾ ಡಿಮ್ ಹಾಕಿ ಪಟ್ಟಿಯನ್ನು ಮುಕ್ಕಾಲಿಗೆ ಏರಿಸಿದ ಮೇಲೆ ಪೆನ್ಸಿಲಿನ ಹಲ್ಲುಗಳು ಬಹಳ ಮಟ್ಟಿಗೆ ಬೆರೆತವು. ಈಗ ಒಂದು ಗಂಟೆ ಓದಬಲ್ಲೆ. ಒಂದೂವರೆ ಗಂಟೆಯಾದರೆ ಹುಬ್ಬಿನ ಬಿಗಿತ ಮತ್ತೆ ಬರುತ್ತದೆ, ಹೊಟ್ಟೆ ತೊಳಸುವುದು ಮಾತ್ರ ನಿಂತಿದೆ. ಅಷ್ಟರಿಂದ ನನ್ನ ಕೆಲಸ ಸಾಗುವುದಿಲ್ಲ. ಈ ಫೋನನ್ನು ಮಾರಿ ಬೇರೊಂದು ಕೊಳ್ಳುವುದೆಂದು ಮನೆಯಲ್ಲಿ ಮಾತಾಗಿದೆ. ಈ ಬಾರಿ ಹಣ ಕೊಡುವ ಮೊದಲು ಅಂಗಡಿಯಲ್ಲೇ ಪೆನ್ಸಿಲ್ ಆಡಿಸಿ ನೋಡುತ್ತೇನೆ.

ದುರಸ್ತಿ ಬೆಂಚು, ದಾವಣಗೆರೆ

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನುಗಳ ಬ್ರೈಟ್‌ನೆಸ್ ಸಾಮಾನ್ಯವಾಗಿ ಪೂರ್ತಿ ಏರಿರುತ್ತದೆ, ಆಗ ಯಾವ ಪರದೆಯೂ ಒಳ್ಳೆಯದೆಂದೇ ಕಾಣುತ್ತದೆ. ಅಲ್ಲಿಯ ದೀಪಗಳೂ ಮಿನುಗುತ್ತಿರಬಹುದು. ಪಟ್ಟಿಯನ್ನು ತಳಕ್ಕೆ ಇಳಿಸಿ, ಫೋನನ್ನು ಮೇಜಿನ ಕೆಳಗಿನ ನೆರಳಿಗೆ ಹಿಡಿದು, ಆಮೇಲೆ ಪೆನ್ಸಿಲ್ ಆಡಿಸಿ. ಎಲ್‌ಸಿಡಿ ಎಂದು ಹೇಳಿದರೂ ಈ ಪರೀಕ್ಷೆ ಬಿಡಬೇಡಿ, ಕೆಲವು ಎಲ್‌ಸಿಡಿಗಳ ಹಿಂಬದಿ ದೀಪವೂ ಮಿನುಗುತ್ತದೆ. ಹಳೆಯ ಫೋನನ್ನು ಯಾರಿಗೂ ಕೊಟ್ಟಿಲ್ಲವಷ್ಟೇ? ಬ್ಯಾಟರಿ ಸೋತಿದ್ದರೆ ಅದನ್ನು ಬದಲಾಯಿಸಿಕೊಂಡು, ಹೊಸದು ಸಿಗುವವರೆಗೆ ಕರಡನ್ನು ಅದರಲ್ಲೇ ತಿದ್ದಿ.